ಒಂದನೇ ತರಗತಿಗೆ ಸೇರಿಸುವ ಮುನ್ನ: ಓದುಗರ ಪ್ರಶ್ನೆ, ಮೇಷ್ಟ್ರ ಉತ್ತರ

ಏಪ್ರಿಲ್ ಕೊನೆಯಿಂದ ಜುಲೈ ನಡುವಿನವರೆಗೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಹೆಚ್ಚಿನವು ಮಕ್ಕಳನ್ನು ಶಾಲೆಗೆ ಸೇರಿಸುವ ವಿಷಯದವೇ ಆಗಿರುತ್ತವೆ. ಈ ಬಾರಿ ಸರ್ಕಾರಿ ಪ್ರಾಥಮಿಕ ಶಾಲೆಯ ದಾಖಲಾತಿಗೆ ಸಂಬಂಧಿಸಿದವನ್ನಷ್ಟೇ ಆರಿಸಿಕೊಂಡಿದ್ದೇನೆ. ಒಂದೇ ಬಗೆಯ ಪ್ರಶ್ನೆಯನ್ನು ಹಲವರು ಕೇಳಿದ್ದಲ್ಲಿ ವಿವರ ಹೆಚ್ಚಿರುವ ಪತ್ರವನ್ನು ಇಟ್ಟುಕೊಂಡು, ಹೆಸರು ಬಿಟ್ಟು ಊರನ್ನು ಮಾತ್ರ ಉಳಿಸಿದ್ದೇನೆ.

ಪ್ರಶ್ನೆ: ಮೇಷ್ಟ್ರೇ, ಬರುವ ಜೂನ್ 1ಕ್ಕೆ ನಮ್ಮ ಮಗಳಿಗೆ 5 ವರ್ಷ 9 ತಿಂಗಳಾಗುತ್ತದೆ. ಎಲ್‌ಕೆಜಿ, ಯುಕೆಜಿ ಎರಡೂ ಮುಗಿದಿವೆ, ಹುಡುಗಿ ಚುರುಕಾಗಿದ್ದಾಳೆ. ಆದರೂ ಮುಖ್ಯ ಶಿಕ್ಷಕರು ವಯಸ್ಸು ಸಾಲದು ಎನ್ನುತ್ತಾರೆ. ನಮ್ಮ ಪಕ್ಕದ ಮನೆಯ ಹುಡುಗನನ್ನು ಇದಕ್ಕಿಂತ ಚಿಕ್ಕ ವಯಸ್ಸಿಗೇ ಸೇರಿಸಿಕೊಂಡಿದ್ದರು. ಇವಳಿಗೆ ಒಂದು ವರ್ಷ ವ್ಯರ್ಥವಾಗುವುದಿಲ್ಲವೇ? — ತಿಪಟೂರು

ಉತ್ತರ: ಪಕ್ಕದ ಮನೆಯ ಹುಡುಗನಿಗೂ ನಿಮ್ಮ ಮಗಳಿಗೂ ಬೇರೆ ಬೇರೆ ನಿಯಮ ಅನ್ವಯವಾಗಿರುವುದೇ ಈ ಗೊಂದಲಕ್ಕೆ ಕಾರಣ. ನಮ್ಮ ರಾಜ್ಯದಲ್ಲಿ ಕೆಲವು ವರ್ಷಗಳ ಹಿಂದಿನವರೆಗೆ ಜೂನ್ 1ಕ್ಕೆ 5 ವರ್ಷ 5 ತಿಂಗಳು ತುಂಬಿದ್ದರೂ ಒಂದನೇ ತರಗತಿಗೆ ಸೇರಿಸಿಕೊಳ್ಳುತ್ತಿದ್ದರು. 2022ರ ಜುಲೈನಲ್ಲಿ ಸರ್ಕಾರ ಆ ಮಿತಿಯನ್ನು 6 ವರ್ಷಕ್ಕೆ ಏರಿಸಿತು. ಅಷ್ಟರಲ್ಲಾಗಲೇ ಎಲ್‌ಕೆಜಿಗೆ ಸೇರಿದ್ದ ಮಕ್ಕಳಿಗೆ ತೊಂದರೆಯಾಗುತ್ತದೆಂದು ಪೋಷಕರು ಆಕ್ಷೇಪಿಸಿದ್ದರಿಂದ ಜಾರಿಯನ್ನು 2025-26ಕ್ಕೆ ಮುಂದೂಡಿತು. ಆ ವರ್ಷ ಬಂದಾಗ ಮತ್ತೆ ಒತ್ತಡ ಬಂದು, ಪೂರ್ವ ಪ್ರಾಥಮಿಕ ಮುಗಿಸಿದ ಮಕ್ಕಳಿಗೆ ಹಳೆಯ 5 ವರ್ಷ 5 ತಿಂಗಳಿನ ಮಿತಿಯನ್ನೇ, ಅದೊಂದು ವರ್ಷಕ್ಕೆ ಮಾತ್ರ ಎಂದು ಹೇಳಿ, ಸಡಿಲಿಸಲಾಯಿತು. ಆದೇಶದಲ್ಲಿರುವ ಮೂಲ ನಿಯಮ ಮಾತ್ರ ಜೂನ್ 1ಕ್ಕೆ 6 ವರ್ಷ ತುಂಬಿರಬೇಕೆಂಬುದೇ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳುವುದೂ ಆರು ವರ್ಷವನ್ನೇ, ಕಡ್ಡಾಯ ಶಿಕ್ಷಣದ ಹಕ್ಕಿನ ಕಾಯ್ದೆ ಆರಂಭವಾಗುವುದೂ ಆರನೇ ವರ್ಷದಿಂದಲೇ. ಹಾಗಾಗಿ ಇನ್ನೊಂದು ಸಡಿಲಿಕೆ ಬಂದೀತೆಂದು ನಂಬಿಕೊಂಡು ಮೂರು ವರ್ಷದ ಮಗುವನ್ನು ಇಂದೇ ಎಲ್‌ಕೆಜಿಗೆ ನೂಕುವ ಪೋಷಕರು ಮುಂದೆ ನಿಮ್ಮಂತೆಯೇ ತೊಂದರೆಗೆ ಸಿಲುಕುತ್ತಾರೆ; ಎಲ್‌ಕೆಜಿಗೆ ಜೂನ್ 1ಕ್ಕೆ 4 ತುಂಬಿರಬೇಕೆಂಬ ಲೆಕ್ಕವನ್ನು ಅಲ್ಲಿಂದಲೇ ಹಿಡಿಯುವುದು ಕ್ಷೇಮ.

ವರ್ಷ ವ್ಯರ್ಥವಾಗುತ್ತದೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಐದೂವರೆ ವರ್ಷದ ಮಗುವಿಗೂ ಆರೂವರೆ ವರ್ಷದ ಮಗುವಿಗೂ ಇರುವ ಅಂತರ ಬುದ್ಧಿಗಿಂತ ಹೆಚ್ಚಾಗಿ ಬೆರಳುಗಳಲ್ಲಿ, ಕುಳಿತುಕೊಳ್ಳುವ ತಾಳ್ಮೆಯಲ್ಲಿ, ಶೌಚಾಲಯಕ್ಕೆ ಹೋಗಬೇಕೆಂದು ಹೊಸಬರೆದುರು ಬಾಯಿಬಿಟ್ಟು ಕೇಳುವ ಧೈರ್ಯದಲ್ಲಿ ಕಾಣುತ್ತದೆ. ಚುರುಕಾದ ಚಿಕ್ಕ ಮಗು ಒಂದನೇ ತರಗತಿಯನ್ನು ದಾಟಿಬಿಡುತ್ತದೆ. ಭಾಗಾಕಾರ, ಭಿನ್ನರಾಶಿ ಬರುವ ನಾಲ್ಕು ಐದನೇ ತರಗತಿಯಲ್ಲಿ ಏದುಸಿರು ಬಿಡುವುದು ಅದೇ ಮಗು. ನಿಮ್ಮ ಊರಿನ ಸರ್ಕಾರಿ ಶಾಲೆಯಲ್ಲಿ ಪೂರ್ವ ಪ್ರಾಥಮಿಕ ವಿಭಾಗವಿದ್ದರೆ ಅಲ್ಲಿ, ಇಲ್ಲವಾದರೆ ಅಂಗನವಾಡಿಯಲ್ಲಿ, ಈ ವರ್ಷವನ್ನು ಕಳೆಯಲಿ. ಹೊರಡುವ ಮುನ್ನ ಈ ಸಾಲಿನ ದಾಖಲಾತಿ ಸುತ್ತೋಲೆಯನ್ನೊಮ್ಮೆ ತೋರಿಸುವಂತೆ ಮುಖ್ಯ ಶಿಕ್ಷಕರನ್ನು ಕೇಳಿ.

ಒಂದು ಮಾತು ಮಾತ್ರ ಒತ್ತಿ ಹೇಳಬೇಕು: ಜನ್ಮದಿನಾಂಕವನ್ನು 'ಸ್ವಲ್ಪ ಹಿಂದೆ' ಬರೆಸುವ ಯೋಚನೆ ಬೇಡ. ತಲೆಯ ಮೇಲಿಂದ ಕೈ ಹಾಯಿಸಿ ಆಚೆ ಬದಿಯ ಕಿವಿ ಮುಟ್ಟಿಸಿ ವಯಸ್ಸು ನಿರ್ಧರಿಸುತ್ತಿದ್ದ ಕಾಲದಲ್ಲಿ ಮೇಷ್ಟ್ರು ತೋಚಿದ ತಾರೀಖು ಬರೆಯುತ್ತಿದ್ದರು. ನಮ್ಮ ತಲೆಮಾರಿನಲ್ಲಿ ಜೂನ್ 1ರಂದು ಹುಟ್ಟಿದವರು ಇಷ್ಟೊಂದು ಜನ ಇರುವುದು ಆ ಕೃಪೆಯಿಂದಲೇ. ಈಗ ಜನನ ಪ್ರಮಾಣಪತ್ರ, ಆಧಾರ್, ಶಾಲೆಯ ಎಸ್‌ಎಟಿಎಸ್ (ಮಕ್ಕಳ ವಿವರವಿಡುವ ಇಲಾಖೆಯ ಆನ್‌ಲೈನ್ ವ್ಯವಸ್ಥೆ) ದಾಖಲೆ ಮೂರೂ ಒಂದಕ್ಕೊಂದು ಹೊಂದಬೇಕು. ಹೊಂದದಿದ್ದರೆ ಎಸ್‌ಎಸ್‌ಎಲ್‌ಸಿ ಹೊತ್ತಿಗೆ ಕಚೇರಿಗಳನ್ನು ಅಲೆಯುವವರು ನೀವೇ.

ಪ್ರಶ್ನೆ: ನಾವು ಸುರಪುರ ಕಡೆಯವರು, ಕಟ್ಟಡ ಕೆಲಸಕ್ಕಾಗಿ ಬೆಂಗಳೂರಿನ ಹೊರವಲಯದಲ್ಲಿದ್ದೇವೆ. ಮಗ ಮನೆಯಲ್ಲೇ ಹುಟ್ಟಿದವನು, ಈಗ ಏಳು ವರ್ಷ. ಜನನ ಪ್ರಮಾಣಪತ್ರ ಇಲ್ಲ, ಆಧಾರ್ ಮಾಡಿಸಿಲ್ಲ. ಹತ್ತಿರದ ಸರ್ಕಾರಿ ಶಾಲೆಯಲ್ಲಿ 'ಮೊದಲು ಕಾಗದ ತನ್ನಿ, ಆಮೇಲೆ ನೋಡೋಣ' ಎಂದು ಎರಡು ಸಲ ವಾಪಸು ಕಳಿಸಿದರು. ಜೂನ್ ಮುಗಿಯಿತು. ಈ ವರ್ಷ ಸೇರಿಸಲಾಗುವುದಿಲ್ಲವೇ? (ಇವರ ಪರವಾಗಿ ಮಗನ ಸೋದರಮಾವ ಬರೆದ ಪತ್ರ.) — ಬೆಂಗಳೂರು

ಉತ್ತರ: ಸೇರಿಸಬಹುದು, ನಾಳೆಯೇ ಸೇರಿಸಬಹುದು. 2009ರಲ್ಲಿ ಅಂಗೀಕಾರವಾಗಿ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣದ ಹಕ್ಕು ಕಾಯ್ದೆಯ ಸೆಕ್ಷನ್ 14, ವಯಸ್ಸಿನ ದಾಖಲೆ ಇಲ್ಲವೆಂಬ ಕಾರಣಕ್ಕೆ ಯಾವ ಮಗುವಿಗೂ ಪ್ರವೇಶ ನಿರಾಕರಿಸಬಾರದು ಎಂದು ಹೇಳುತ್ತದೆ. ಪ್ರಮಾಣಪತ್ರ ಇಲ್ಲದಿದ್ದಾಗ ಆಸ್ಪತ್ರೆ ಅಥವಾ ಎಎನ್‌ಎಂ (ಊರಿನ ಆರೋಗ್ಯ ಸಹಾಯಕಿ) ಅವರ ದಾಖಲೆ, ಅಂಗನವಾಡಿಯ ದಾಖಲೆ ಇವುಗಳಲ್ಲಿ ಯಾವುದಾದರೂ ಒಂದು, ಅದೂ ಇಲ್ಲವಾದರೆ ತಂದೆ ತಾಯಿಯ ಲಿಖಿತ ಘೋಷಣೆ ಸಾಕು. ಹಳ್ಳಿಯ ಮನೆಯಲ್ಲಿ ಗರ್ಭಿಣಿಯಾಗಿದ್ದಾಗ ಕೊಟ್ಟ ತಾಯಿ ಕಾರ್ಡ್ ಟ್ರಂಕಿನ ತಳದಲ್ಲಿ ಎಲ್ಲಾದರೂ ಉಳಿದಿದ್ದರೆ ಹುಡುಕಿಸಿ, ಲಸಿಕೆಯ ದಿನಾಂಕಗಳು ಅದರಲ್ಲಿರುತ್ತವೆ. ಜೂನ್ ಮುಗಿದದ್ದೂ ಅಡ್ಡಿಯಲ್ಲ. ಅವಧಿ ಮೀರಿ ಬಂದ ಮಗುವನ್ನೂ ಸೇರಿಸಿಕೊಳ್ಳಬೇಕೆಂದು ಸೆಕ್ಷನ್ 15 ಹೇಳುತ್ತದೆ. ಆಧಾರ್ ವಿಚಾರದಲ್ಲಿ ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 26ರ ತೀರ್ಪಿನಲ್ಲಿ ಶಾಲಾ ಪ್ರವೇಶಕ್ಕೆ ಅದು ಕಡ್ಡಾಯವಲ್ಲ ಎಂದು ಸ್ಪಷ್ಟಪಡಿಸಿದೆ. ಜಾತಿ, ಆದಾಯ ಪ್ರಮಾಣಪತ್ರಗಳು ಮುಂದೆ ವಿದ್ಯಾರ್ಥಿವೇತನಕ್ಕೆ ಬೇಕಾಗುತ್ತವೆಯೇ ಹೊರತು ಅವಿಲ್ಲವೆಂದು ಮಗುವನ್ನು ಬಾಗಿಲಾಚೆ ನಿಲ್ಲಿಸುವಂತಿಲ್ಲ.

ಮುಖ್ಯ ಶಿಕ್ಷಕರು ಕೆಟ್ಟವರೆಂದು ನಾನು ಹೇಳುತ್ತಿಲ್ಲ. ಆನ್‌ಲೈನ್ ನಮೂನೆಯಲ್ಲಿ ಖಾಲಿ ಜಾಗ ಉಳಿದರೆ ಮೇಲಿನವರಿಂದ ಫೋನು ಬರುವುದು ಅವರಿಗೆ, ಆ ಭಯದಿಂದ ಕಾಗದ ಕೇಳುತ್ತಾರೆ. ಆದರೆ ಆ ಭಯದ ಬೆಲೆಯನ್ನು ನಿಮ್ಮ ಮಗ ತೆರಬೇಕಾಗಿಲ್ಲ. ಈ ಸಲ ಹೋಗುವಾಗ ಬಿಳಿ ಹಾಳೆಯಲ್ಲಿ ಮಗುವಿನ ಹೆಸರು, ಅಂದಾಜು ಜನ್ಮದಿನಾಂಕ, ಈಗಿನ ವಾಸಸ್ಥಳ ಬರೆದು, ಪ್ರವೇಶ ಕೋರುವ ಅರ್ಜಿ ಎಂದು ತಲೆಬರಹ ಹಾಕಿ ಎರಡು ಪ್ರತಿ ಒಯ್ಯಿರಿ. ಒಂದನ್ನು ಕೊಟ್ಟು ಇನ್ನೊಂದರ ಮೇಲೆ ಸ್ವೀಕೃತಿಯ ಸಹಿ ಕೇಳಿ. ಬಾಯಿಮಾತಿನಲ್ಲಿ ಸುಲಭವಾಗಿ ಬರುವ 'ಆಗುವುದಿಲ್ಲ' ಎಂಬ ಮಾತು ಕಾಗದದ ಮೇಲೆ ಬರೆಯಬೇಕಾಗಿ ಬಂದಾಗ ಬಹುಮಟ್ಟಿಗೆ ಕರಗಿಹೋಗುತ್ತದೆ. ಅಷ್ಟಾದರೂ ಆಗದಿದ್ದರೆ ಆ ಶಾಲೆಗಳ ಗುಂಪಿನ ಸಿಆರ್‌ಪಿ (ಸಂಪನ್ಮೂಲ ವ್ಯಕ್ತಿ) ಅವರನ್ನು, ಆಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿಯನ್ನು ಕಾಣಿರಿ.

ಏಳು ವರ್ಷದ ಹುಡುಗನನ್ನು ಒಂದರಲ್ಲಿ ಕೂರಿಸಬೇಕೋ ಎರಡರಲ್ಲೋ ಎಂಬ ಪ್ರಶ್ನೆ ಏಳುತ್ತದೆ. ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ, ಹಿಂದುಳಿದದ್ದನ್ನು ವಿಶೇಷ ತರಬೇತಿಯಿಂದ ತುಂಬಿಸಬೇಕೆಂಬುದು ಕಾಯ್ದೆಯ ಸೆಕ್ಷನ್ 4. ಮುಂದೆ ಕೆಲಸ ಮುಗಿದು ಊರಿಗೆ ಮರಳಿದರೆ ಟಿ.ಸಿ. ಪಡೆದು ಹೋಗಿ, ಅವಸರದಲ್ಲಿ ಬಿಟ್ಟು ಹೋದರೂ ಟಿ.ಸಿ. ತಡವಾಯಿತೆಂದು ಊರಿನ ಶಾಲೆ ಸೇರಿಸಿಕೊಳ್ಳದಿರುವಂತಿಲ್ಲ.

ಚಿಕ್ಕ ಮಕ್ಕಳಿರುವ ಇತರ ಓದುಗರಿಗೂ ಒಂದು ಸೂಚನೆ. ಜನನ ಮರಣ ನೋಂದಣಿ ಕಾಯ್ದೆಯ ತಿದ್ದುಪಡಿ 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದಿದ್ದು, ಆ ದಿನ ಮತ್ತು ಅನಂತರ ಹುಟ್ಟಿದವರಿಗೆ ಶಾಲಾ ಪ್ರವೇಶವೂ ಸೇರಿದಂತೆ ಹಲವು ಕಡೆ ಜನ್ಮದಿನಾಂಕಕ್ಕೆ ಜನನ ಪ್ರಮಾಣಪತ್ರವೊಂದೇ ಆಧಾರ. ಆ ಮಕ್ಕಳು ಒಂದನೇ ತರಗತಿಗೆ ಬರುವ ಹೊತ್ತಿಗೆ ತಡಬಡಾಯಿಸುವುದಕ್ಕಿಂತ, ಹುಟ್ಟಿದ 21 ದಿನಗಳೊಳಗೆ ನೋಂದಾಯಿಸುವುದು ಸುಲಭ, ಖರ್ಚೂ ಇಲ್ಲ.

ಪ್ರಶ್ನೆ: ದಾಖಲಾತಿಯ ದಿನ ಸಹಿ ಹಾಕುವ ಮೊದಲು ಏನನ್ನು ನೋಡಬೇಕು? ನನ್ನ ಅಣ್ಣನ ಮಗನ ಹೆಸರು ಶಾಲೆಯಲ್ಲಿ ಒಂದು, ಆಧಾರ್‌ನಲ್ಲಿ ಇನ್ನೊಂದು ಆಗಿ ಬಹಳ ಪಾಡು ಪಟ್ಟರು. — ಗೋಕಾಕ

ಉತ್ತರ: ದಾಖಲಾತಿ ವಹಿಯಲ್ಲಿ ಮಗುವಿನ ಪಾಲಿಗೆ ಬರುವುದು ಒಂದೇ ಒಂದು ಅಡ್ಡಸಾಲು. ಕ್ರಮಸಂಖ್ಯೆ, ಪೂರ್ಣ ಹೆಸರು, ತಂದೆ ತಾಯಿಯ ಹೆಸರು, ಅಂಕಿಯಲ್ಲೂ ಅಕ್ಷರದಲ್ಲೂ ಜನ್ಮದಿನಾಂಕ, ಜನ್ಮಸ್ಥಳ, ಮಾತೃಭಾಷೆ, ಜಾತಿ, ಕೊನೆಯಲ್ಲಿ ಪೋಷಕರ ಸಹಿ. ಆ ಸಾಲಿನ ಮೇಲೆ ಮುಂದಿನ ಎಲ್ಲ ಕಾಗದಗಳೂ ನಿಲ್ಲುತ್ತವೆ. ಟಿ.ಸಿ., ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಗೆ ಹೆಸರೂ ದಿನಾಂಕವೂ ಹೋಗುವುದು ಅಲ್ಲಿಂದಲೇ. ತಹಶೀಲ್ದಾರರ ಕಚೇರಿಯವರು ಜಾತಿ ಪ್ರಮಾಣಪತ್ರ ಕೊಡುವಾಗ ತಂದೆಯ ಹಾಗೂ ಮಗುವಿನ ಶಾಲಾ ದಾಖಲೆ ನೋಡುತ್ತಾರೆ. ನಿಮ್ಮ ಕಡೆ ಹೆಸರು, ತಂದೆಯ ಹೆಸರು, ಅಡ್ಡಹೆಸರು ಮೂರನ್ನೂ ಸೇರಿಸಿ ಬರೆಯುವ ರೂಢಿ. ಹಳೆ ಮೈಸೂರಿನವರದು ಇನಿಷಿಯಲ್ ಪದ್ಧತಿ. ಯಾವುದಾದರೂ ಇರಲಿ, ಜನನ ಪ್ರಮಾಣಪತ್ರದಲ್ಲಿ ಹೇಗಿದೆಯೋ ಹಾಗೆಯೇ, ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಅಕ್ಷರಶಃ ಬರೆಸಿ. 'ಬಸವರಾಜ' ಎಂಬ ಹೆಸರಿನ ಇಂಗ್ಲಿಷ್ ಕಾಗುಣಿತದಲ್ಲಿ ಒಂದು 'ಎ' ಹೆಚ್ಚಾದರೂ ಕಂಪ್ಯೂಟರಿಗೆ ಅವನು ಬೇರೊಬ್ಬ ಬಸವರಾಜ. ಮನೆಯಲ್ಲಿ ಕರೆಯುವ ಮುದ್ದಿನ ಹೆಸರನ್ನು ಅಜ್ಜ ಹೇಳಿಬಿಟ್ಟು ಅದೇ ದಾಖಲಾಗಿರುವ ಪ್ರಸಂಗಗಳೂ ಉಂಟು, ಆದ್ದರಿಂದ ದಾಖಲಾತಿಗೆ ತಂದೆಯೋ ತಾಯಿಯೋ ಹೋಗುವುದು ಮೇಲು. ಬರೆದದ್ದನ್ನು ಗಟ್ಟಿಯಾಗಿ ಓದಿಸಿಕೊಳ್ಳಿ, ಫೋನಿನಲ್ಲಿ ಫೋಟೊ ತೆಗೆದುಕೊಳ್ಳಿ, ಆಮೇಲೆ ಸಹಿ ಹಾಕಿ. ಮುಖ್ಯ ಶಿಕ್ಷಕರಿಗೆ ಬೇಸರವಾದರೆ ಆಗಲಿ.

ಪ್ರಶ್ನೆ: ಮೊಮ್ಮಗ ಸರ್ಕಾರಿ ಶಾಲೆಗೆ ಸೇರಿ ಎರಡು ತಿಂಗಳಾಯಿತು. ಇನ್ನೂ ಅ ಆ ಇ ಈ ಹೇಳಲು ಬರುವುದಿಲ್ಲ. ಕೇಳಿದರೆ 'ರ ಗ ಸ ದ ಅ' ಎನ್ನುತ್ತಾನೆ. ಒಂದು, ಎರಡು, ಮೂರನೇ ತರಗತಿಯ ಮಕ್ಕಳನ್ನೆಲ್ಲ ಒಂದೇ ಕೋಣೆಯಲ್ಲಿ ನೆಲದ ಮೇಲೆ ಗುಂಪು ಗುಂಪಾಗಿ ಕೂರಿಸಿರುತ್ತಾರೆ, ಶಿಕ್ಷಕಿ ಬೋರ್ಡಿನ ಮುಂದೆ ನಿಂತದ್ದನ್ನೇ ನಾನು ನೋಡಿಲ್ಲ. ಇದೆಂಥ ಪಾಠ? ಬಿಡಿಸಿ ಕಾನ್ವೆಂಟಿಗೆ ಹಾಕಬೇಕೆಂದಿದ್ದೇವೆ. — ಚನ್ನರಾಯಪಟ್ಟಣ

ಉತ್ತರ: ತಾವು ನೋಡಿರುವುದು ನಲಿ-ಕಲಿ ತರಗತಿ. 1995ರ ಸುಮಾರಿಗೆ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಕೆಲವು ಶಾಲೆಗಳ ಶಿಕ್ಷಕರು, ಆಂಧ್ರದ ರಿಷಿ ವ್ಯಾಲಿಯಲ್ಲಿ ನಡೆಯುತ್ತಿದ್ದ ಬಹುವರ್ಗ ಬೋಧನೆಯನ್ನು ನೋಡಿಬಂದು, ಯುನಿಸೆಫ್ ನೆರವಿನೊಂದಿಗೆ ನಮ್ಮ ಮಕ್ಕಳಿಗೆ ಒಗ್ಗುವಂತೆ ರೂಪಿಸಿಕೊಂಡ ವಿಧಾನವಿದು. 2009-10ರಿಂದ ರಾಜ್ಯದ ಕನ್ನಡ ಮಾಧ್ಯಮ ಸರ್ಕಾರಿ ಶಾಲೆಗಳ ಕೆಳಗಿನ ತರಗತಿಗಳಿಗೆ ವಿಸ್ತರಿಸಿತು. ಕಾಡಂಚಿನ ಶಾಲೆಯಲ್ಲಿ ಒಬ್ಬರೇ ಶಿಕ್ಷಕರು, ಮೂರು ತರಗತಿ, ದಿನ ಬಿಟ್ಟು ದಿನ ಬರುವ ಮಕ್ಕಳು; ಬೋರ್ಡಿನ ಮುಂದೆ ನಿಂತು ಇಡೀ ತರಗತಿಗೆ ಒಂದೇ ಪಾಠ ಮಾಡಿದರೆ ನಿನ್ನೆ ಬಾರದಿದ್ದ ಮಗುವಿಗೆ ಇಂದಿನದು ಅರ್ಥವಾಗುವುದಿಲ್ಲ. ಅದಕ್ಕೆ ಪರಿಹಾರವಾಗಿ ಪಾಠವನ್ನು ಸಣ್ಣ ಸಣ್ಣ ಕಾರ್ಡುಗಳಾಗಿ ಒಡೆದು, ಕಾರ್ಡುಗಳ ಸರಣಿಗೆ ಮೈಲಿಗಲ್ಲು ಎಂದೂ ಮೈಲಿಗಲ್ಲುಗಳ ಸಾಲಿಗೆ ಕಲಿಕಾ ಏಣಿ ಎಂದೂ ಹೆಸರಿಟ್ಟರು. ಮಗು ತಾನು ನಿಲ್ಲಿಸಿದ ಮೆಟ್ಟಿಲಿನಿಂದ ಮುಂದಕ್ಕೆ ಹತ್ತುತ್ತದೆ.

ತಾವು ಕಂಡ ಗುಂಪುಗಳಿಗೆ ಶಾಲೆಯಲ್ಲಿ 'ತಟ್ಟೆ' ಎನ್ನುತ್ತಾರೆ. ಐದು ತಟ್ಟೆಗಳಿರುತ್ತವೆ. ಹೊಸದನ್ನು ಕಲಿಯುವ ಮಕ್ಕಳು ಶಿಕ್ಷಕಿಯ ಪೂರ್ಣ ಸಹಾಯದ ತಟ್ಟೆಯಲ್ಲಿ, ಸ್ವಲ್ಪ ಕಲಿತವರು ಭಾಗಶಃ ಸಹಾಯದ ತಟ್ಟೆಯಲ್ಲಿ, ಆಮೇಲೆ ಗೆಳೆಯರ ಪೂರ್ಣ ಹಾಗೂ ಭಾಗಶಃ ಸಹಾಯದ ತಟ್ಟೆಗಳಲ್ಲಿ, ಕೊನೆಗೆ ಸ್ವಕಲಿಕೆಯ ತಟ್ಟೆಯಲ್ಲಿ ಕೂರುತ್ತಾರೆ. ಆದ್ದರಿಂದ ಶಿಕ್ಷಕಿ ನೆಲದ ಮೇಲೆ ಮೊದಲ ತಟ್ಟೆಯ ಮಕ್ಕಳ ನಡುವೆ ಕುಳಿತಿರುವುದೇ ಸರಿಯಾದ ಜಾಗ. ಬೋರ್ಡಿನ ಮುಂದೆ ನಿಂತಿದ್ದರೆ ನಾನು ಅನುಮಾನಪಡುತ್ತಿದ್ದೆ.

ಇನ್ನು ರ ಗ ಸ ದ ಅ. ವರ್ಣಮಾಲೆಯ ಕ್ರಮದಲ್ಲಿ ಹದಿಮೂರು ಸ್ವರಗಳನ್ನು ತಿದ್ದಿ ಮುಗಿಸಿದರೂ ಮಗುವಿಗೆ ಓದಲು ಸಿಗುವ ಪದ ಬಹಳ ಕಡಿಮೆ; ಋ ಎಂಬ ಅಕ್ಷರವನ್ನು ಮೊದಲ ತಿಂಗಳಲ್ಲೇ ತಿದ್ದಿದ ಮಗು ಅದನ್ನು ಪುಸ್ತಕದಲ್ಲಿ ಕಾಣುವುದು ಯಾವಾಗಲೋ. ಆದರೆ ಈ ಐದು ಅಕ್ಷರ ಬಂದ ಕೂಡಲೇ ರಸ, ಸರ, ದರ, ಅರಸ, ಅಗಸ, ಗರಗಸ ಎಂದು ಓದಬಹುದು. ಆಕಾರವೂ ಒಂದರಿಂದ ಒಂದಕ್ಕೆ ಸಾಗುತ್ತದೆ: ರ ಬರೆಯಲು ಬಂದ ಬೆರಳಿಗೆ ಮಿಕ್ಕ ಗುಂಡು ತಿರುವುಗಳು ಕಷ್ಟವಾಗುವುದಿಲ್ಲ. ಅವುಗಳ ಬೆನ್ನಿಗೇ ಜ ವ ಮ ಬ ನ ಬರುತ್ತವೆ, ಅಷ್ಟರಲ್ಲಿ ಮಗು ನಮನ, ಬಸವ, ಜನ, ವನ ಓದುತ್ತಿರುತ್ತದೆ. ವರ್ಣಮಾಲೆಯ ಕ್ರಮ ಆಮೇಲೆ ತಾನಾಗಿ ಬರುತ್ತದೆ. ಇಂದು ಸಂಜೆ ಮೊಮ್ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅ ಆ ಇ ಈ ಒಪ್ಪಿಸಲು ಹೇಳದೆ, ಸ್ಲೇಟಿನ ಮೇಲೆ 'ಗರಗಸ' ಎಂದು ಬರೆದು ಏನೆಂದು ಕೇಳಿ ನೋಡಿ.

ಇಷ್ಟು ಹೇಳಿದ ಮೇಲೆ ಇದರ ಕೊರತೆಯನ್ನೂ ಮುಚ್ಚಿಡಬಾರದು. ನಲಿ-ಕಲಿ ಶಿಕ್ಷಕಿಯ ಮೇಲೆ ಬಹಳ ಭಾರ ಹೊರಿಸುವ ವಿಧಾನ. ಮಕ್ಕಳ ಸಂಖ್ಯೆ ಮೂವತ್ತನ್ನು ಬಹಳ ಮೀರಿದರೆ, ಕಾರ್ಡುಗಳು ಹರಿದು ಕಾಣೆಯಾದರೆ, ಶಿಕ್ಷಕಿಯನ್ನು ತಿಂಗಳಿಗೆ ಇಷ್ಟು ದಿನವೆಂದು ಗಣತಿ, ತರಬೇತಿ, ಸಭೆಗಳಿಗೆ ಎಳೆದೊಯ್ದರೆ, ಸ್ವಕಲಿಕೆಯ ತಟ್ಟೆಯೆಂಬುದು ಸುಮ್ಮನೆ ಕುಳಿತಿರುವ ತಟ್ಟೆಯಾಗುತ್ತದೆ. ಪ್ರಗತಿ ನೋಟದ ಪಟ್ಟಿಯಲ್ಲಿ ಮಗು ಇಪ್ಪತ್ತನೇ ಮೈಲಿಗಲ್ಲಿನಲ್ಲಿದ್ದು ಬಾಯಲ್ಲಿ ಮೂರನೆಯದೂ ಬಾರದಿರುವುದನ್ನು ನಾನು ಶಾಲೆಗಳಲ್ಲಿ ಕಂಡಿದ್ದೇನೆ. ತಾವು ಕೇಳಬೇಕಾದ ಪ್ರಶ್ನೆ 'ಅ ಆ ಇ ಈ ಯಾವಾಗ ಕಲಿಸುತ್ತೀರಿ' ಎಂಬುದಲ್ಲ. 'ನಮ್ಮ ಹುಡುಗ ಕನ್ನಡದಲ್ಲಿ ಎಷ್ಟನೇ ಮೈಲಿಗಲ್ಲಿನಲ್ಲಿದ್ದಾನೆ, ಹೋದ ತಿಂಗಳು ಎಲ್ಲಿದ್ದ' ಎಂದು. ಉತ್ತರ ಥಟ್ಟನೆ ಬಂದರೆ, ಅದು ಮಗುವಿನ ಓದಿಗೆ ಹೊಂದಿದರೆ, ಬಿಡಿಸುವ ಅಗತ್ಯ ಕಾಣುವುದಿಲ್ಲ.

ಪ್ರಶ್ನೆ: ನಮ್ಮ ಹಳ್ಳಿಯ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಹದಿನೆಂಟು ಮಕ್ಕಳು, ಇಬ್ಬರು ಶಿಕ್ಷಕರು. ಹೋಬಳಿ ಕೇಂದ್ರದಲ್ಲಿ ಕರ್ನಾಟಕ ಪಬ್ಲಿಕ್ ಶಾಲೆ (ಪೂರ್ವ ಪ್ರಾಥಮಿಕದಿಂದ ಪಿಯುವರೆಗೆ ಒಂದೇ ಕಡೆ ಇರುವ ಸರ್ಕಾರಿ ಶಾಲೆ) ಇದೆ, ಅಲ್ಲಿ ಇಂಗ್ಲಿಷ್ ಮಾಧ್ಯಮವೂ ಇದೆಯಂತೆ. ಆರು ಕಿಲೋಮೀಟರ್ ದೂರ. ಯಾವುದು ಒಳ್ಳೆಯದು? — ತೀರ್ಥಹಳ್ಳಿ

ಉತ್ತರ: ಎಲ್ಲ ಊರಿಗೂ ಹೊಂದುವ ಉತ್ತರ ಇದಕ್ಕಿಲ್ಲ, ಆದರೆ ನಿಮ್ಮ ಪತ್ರದಲ್ಲಿರುವ ಸಂಗತಿಗಳನ್ನೇ ತೂಗಿ ಹೇಳುವುದಾದರೆ ನಾನು ಹಳ್ಳಿಯ ಶಾಲೆಯ ಕಡೆಗೆ ವಾಲುತ್ತೇನೆ. ಅರವತ್ತರವರೆಗಿನ ಮಕ್ಕಳಿಗೆ ಇಬ್ಬರು ಶಿಕ್ಷಕರೆಂಬುದು ಶಿಕ್ಷಣದ ಹಕ್ಕು ಕಾಯ್ದೆಯ ಲೆಕ್ಕ. ನಿಮ್ಮಲ್ಲಿ ಹದಿನೆಂಟಕ್ಕೇ ಇಬ್ಬರಿದ್ದಾರೆ. ನಗರದ ದುಬಾರಿ ಶಾಲೆಗಳೂ ಒಬ್ಬ ಶಿಕ್ಷಕರಿಗೆ ಒಂಬತ್ತು ಮಕ್ಕಳನ್ನು ಕೊಡಲಾರವು. ಒಂದರಿಂದ ಐದನೇ ತರಗತಿಯ ಮಗುವಿಗೆ ಒಂದು ಕಿಲೋಮೀಟರ್ ಒಳಗೆ ಶಾಲೆ ಇರಬೇಕೆಂದು ನಿಯಮ ಮಾಡಿದವರು ಮಗುವಿನ ಕಾಲನ್ನು ನೋಡಿಯೇ ಮಾಡಿದ್ದು. ಮಲೆನಾಡಿನ ಜುಲೈ ಮಳೆಯಲ್ಲಿ ಆರು ವರ್ಷದ ಮಗು ಆರು ಕಿಲೋಮೀಟರ್ ಹೋಗಿಬರುವುದೆಂದರೆ ಒದ್ದೆ ಸಮವಸ್ತ್ರದಲ್ಲಿ ಅರ್ಧ ದಿನ ಕುಳಿತಿರುವುದು, ಇಲ್ಲವೇ ವಾರಕ್ಕೆರಡು ದಿನ ತಪ್ಪಿಸಿಕೊಳ್ಳುವುದು.

ಇಂಗ್ಲಿಷ್ ಬಗೆಗಿನ ಆತಂಕ ನನಗೆ ಅರ್ಥವಾಗುತ್ತದೆ, ಅದನ್ನು ಹಗುರ ಮಾಡಿ ಮಾತಾಡುವ ಹಕ್ಕು ತಮ್ಮ ಮಕ್ಕಳನ್ನು ಇಂಗ್ಲಿಷ್ ಮಾಧ್ಯಮದಲ್ಲೇ ಓದಿಸಿದವರಿಗಂತೂ ಇಲ್ಲ. 2007-08ರಿಂದ ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷನ್ನು ಒಂದು ಭಾಷೆಯಾಗಿ ಕಲಿಸುತ್ತಾರೆ. 2019-20ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ವಿಭಾಗ ತೆರೆದದ್ದು ಪೋಷಕರ ಒತ್ತಾಯದಿಂದ, ಅದರಲ್ಲಿ ಅನೇಕ ಕಡೆ ಸೀಟಿಗಾಗಿ ಸಾಲು ನಿಂತದ್ದೂ ನಿಜ. ಆದರೆ ಗಣಿತ ಮತ್ತು ಪರಿಸರ ಅಧ್ಯಯನವನ್ನು ಇಂಗ್ಲಿಷಿನಲ್ಲಿ ಹೇಳಿಕೊಡಲು ತರಬೇತಾದ, ಆ ಭಾಷೆಯಲ್ಲಿ ಮಗುವಿನೊಂದಿಗೆ ಸರಾಗವಾಗಿ ಮಾತಾಡಬಲ್ಲ ಶಿಕ್ಷಕರು ಆ ನಿರ್ದಿಷ್ಟ ಶಾಲೆಯಲ್ಲಿ ಇದ್ದಾರೆಯೇ ಎಂಬುದೇ ಮುಖ್ಯ. ಬೋರ್ಡಿನ ಮೇಲೆ ಇಂಗ್ಲಿಷ್ ಮಾಧ್ಯಮವೆಂದಿದ್ದು ಒಳಗೆ ಕನ್ನಡದಲ್ಲಿ ವಿವರಿಸಿ ಇಂಗ್ಲಿಷಿನಲ್ಲಿ ಕಂಠಪಾಠ ಮಾಡಿಸುವುದಾದರೆ ಮಗುವಿಗೆ ಎರಡೂ ಇಲ್ಲ. ಒಂದು ಬೆಳಿಗ್ಗೆ ಎರಡೂ ಶಾಲೆಗೆ ಹೋಗಿ ಮೂರನೇ ತರಗತಿಯ ಮಗುವೊಂದರ ನೋಟ್‌ಬುಕ್ ಕೇಳಿ ನೋಡಿ. ಐದನೆಯ ತನಕ ಹಳ್ಳಿಯಲ್ಲಿ ಓದಿ, ಆರನೆಯದಕ್ಕೆ ಕಾಲು ಗಟ್ಟಿಯಾದ ಮೇಲೆ ಹೋಬಳಿಗೆ ಹೋಗುವ ದಾರಿ ತೆರೆದೇ ಇರುತ್ತದೆ. ಹಳ್ಳಿಯ ಶಾಲೆಯಿಂದ ಒಂದೊಂದೇ ಮಗು ಹೊರಟುಹೋದರೆ ಒಬ್ಬ ಶಿಕ್ಷಕರು ಹೆಚ್ಚುವರಿಯೆಂದು ಬೇರೆಡೆಗೆ ಹೋಗುತ್ತಾರೆ, ಆಗ ಉಳಿದವರಿಗೆ ಈಗಿನ ಅನುಕೂಲವೂ ಇರುವುದಿಲ್ಲ.

ಪ್ರಶ್ನೆ: ಆರ್‌ಟಿಇ ಸೀಟಿನಲ್ಲಿ ಖಾಸಗಿ ಶಾಲೆಗೆ ಉಚಿತವಾಗಿ ಸೇರಿಸಬಹುದೆಂದು ಕೇಳಿದ್ದೇವೆ. ಈಗಲೂ ಇದೆಯೇ? — ದಾವಣಗೆರೆ

ಉತ್ತರ: ಖಾಸಗಿ ಶಾಲೆಗಳು ಒಂದನೇ ತರಗತಿಯ ಶೇಕಡ 25ರಷ್ಟು ಸೀಟನ್ನು ಬಡ, ಹಿಂದುಳಿದ ಮಕ್ಕಳಿಗೆ ಉಚಿತವಾಗಿ ಕೊಡಬೇಕೆಂಬ ಶಿಕ್ಷಣದ ಹಕ್ಕು ಕಾಯ್ದೆಯ (ಆರ್‌ಟಿಇ) ನಿಯಮ ಹಾಗೆಯೇ ಇದೆ. ಆದರೆ ನಮ್ಮ ರಾಜ್ಯ ತನ್ನ ನಿಯಮಾವಳಿಯನ್ನು ತಿದ್ದಿ, ಸುತ್ತಮುತ್ತ ಸರ್ಕಾರಿ ಅಥವಾ ಅನುದಾನಿತ ಶಾಲೆ ಇರುವಲ್ಲಿ ಅನುದಾನರಹಿತ ಖಾಸಗಿ ಶಾಲೆಗಳು ಆ ಸೀಟು ಕೊಡಬೇಕಾಗಿಲ್ಲ ಎಂದು 2019-20ರಿಂದ ಜಾರಿಗೊಳಿಸಿತು. ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ದಾವಣಗೆರೆಯಂಥ ಊರಿನಲ್ಲಿ ಸರ್ಕಾರಿ ಶಾಲೆ ಇಲ್ಲದ ಬಡಾವಣೆ ಸಿಗುವುದು ಅಪರೂಪವಾದ್ದರಿಂದ ಅದನ್ನು ನೆಚ್ಚಿಕೊಳ್ಳಬೇಡಿ. ಸೀಟು ಕೊಡಿಸುತ್ತೇನೆಂದು ಹಣ ಕೇಳುವವರನ್ನು ದೂರವಿಡಿ.

ಪ್ರಶ್ನೆ: ಮಗಳು ಖಾಸಗಿ ಶಾಲೆಯಲ್ಲಿ ಎರಡನೇ ತರಗತಿ ಮುಗಿಸಿದಳು. ಯಜಮಾನರ ಕೆಲಸ ಹೋಗಿದೆ, ಸರ್ಕಾರಿ ಶಾಲೆಗೆ ಸೇರಿಸಬೇಕು. ಶುಲ್ಕ ಬಾಕಿ ಇದೆಯೆಂದು ಟಿ.ಸಿ. ಕೊಡುತ್ತಿಲ್ಲ. — ಹೊಸಪೇಟೆ

ಉತ್ತರ: ಸರ್ಕಾರಿ ಶಾಲೆಗೆ ಸೇರುವುದು ಮಗಳ ಹಕ್ಕು. ಕಾಯ್ದೆಯ ಸೆಕ್ಷನ್ 5ರಂತೆ ಟಿ.ಸಿ. ತಡವಾಗಿದೆ ಎಂಬುದು ಪ್ರವೇಶ ತಡೆಯಲು ಕಾರಣವಾಗಲಾರದು, ಆದ್ದರಿಂದ ಇಂದೇ ಹೋಗಿ ಮೂರನೇ ತರಗತಿಯಲ್ಲಿ ಕೂರಿಸಿ. ಎಸ್‌ಎಟಿಎಸ್ ಸಂಖ್ಯೆ ಹಳೆಯ ಶಾಲೆಯ ಖಾತೆಯಲ್ಲೇ ಉಳಿದಿರುವುದರಿಂದ ಪುಸ್ತಕ, ಸಮವಸ್ತ್ರದ ಲೆಕ್ಕಕ್ಕೆ ತೊಡಕಾಗಬಹುದು. ಅದಕ್ಕಾಗಿ ಆ ಶಾಲೆಗೆ ಟಿ.ಸಿ. ಕೋರಿ ಅರ್ಜಿ ಕೊಟ್ಟು, ಅದರ ಪ್ರತಿಯೊಂದಿಗೆ ಕ್ಷೇತ್ರ ಶಿಕ್ಷಣಾಧಿಕಾರಿಗೆ ಬರೆದುಕೊಡಿ. ಬಾಕಿ ಶುಲ್ಕದ ವ್ಯವಹಾರ ಆಡಳಿತ ಮಂಡಳಿಗೂ ನಿಮಗೂ ಸಂಬಂಧಿಸಿದ್ದು, ಎರಡನೇ ತರಗತಿಯ ಹುಡುಗಿಯನ್ನು ಅದಕ್ಕೆ ಒತ್ತೆಯಿಡಲಾಗದು.

ಪ್ರಶ್ನೆ: ನನ್ನ ಮಗನಿಗೆ ಕಿವಿ ಸರಿಯಾಗಿ ಕೇಳಿಸುವುದಿಲ್ಲ, ಯಂತ್ರ ಹಾಕಿಕೊಳ್ಳುತ್ತಾನೆ, ಮಾತು ಸ್ವಲ್ಪ ಅಸ್ಪಷ್ಟ. ಊರಿನ ಶಾಲೆಯವರು 'ಇಂಥವರಿಗೆ ಬೇರೆ ಶಾಲೆ ಇದೆ' ಎಂದರು. — ನಂಜನಗೂಡು

ಉತ್ತರ: ಬೇರೆ ಶಾಲೆ ಇದೆ ಎಂಬುದು ನಿಜ, ಆದರೆ ಆಯ್ಕೆ ನಿಮ್ಮದು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಂತೆ ನಿಗದಿತ ಪ್ರಮಾಣದ ನ್ಯೂನತೆಯುಳ್ಳ ಮಗುವಿಗೆ 6ರಿಂದ 18 ವರ್ಷದವರೆಗೆ ನೆರೆಹೊರೆಯ ಶಾಲೆಯಲ್ಲಾಗಲಿ, ವಿಶೇಷ ಶಾಲೆಯಲ್ಲಾಗಲಿ ತನ್ನ ಇಷ್ಟದಂತೆ ಉಚಿತವಾಗಿ ಓದುವ ಹಕ್ಕಿದೆ. ಯಂತ್ರದ ನೆರವಿನಿಂದ ಮಾತು ಹಿಡಿಯಬಲ್ಲ ಮಗು ಊರಿನ ಶಾಲೆಯಲ್ಲಿ, ಮಾತಾಡುವ ಮಕ್ಕಳ ನಡುವೆ ಇರುವುದೇ ಒಳ್ಳೆಯದೆಂದು ನನ್ನ ಅನಿಸಿಕೆ. ನಿಮಗೆ ಮೈಸೂರು ಹತ್ತಿರ. ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಮರುತಪಾಸಣೆ ಮಾಡಿಸಿ, ತರಗತಿಯಲ್ಲಿ ಏನು ಅನುಕೂಲ ಬೇಕೆಂದು ಬರೆಸಿಕೊಂಡು ಬನ್ನಿ. ತಾಲ್ಲೂಕಿನ ಬಿಆರ್‌ಸಿಯಲ್ಲಿ (ಕ್ಷೇತ್ರ ಸಂಪನ್ಮೂಲ ಕೇಂದ್ರ) ಇಂಥ ಮಕ್ಕಳಿಗೆಂದೇ ನಿಯೋಜಿತರಾದ ಬಿಐಇಆರ್‌ಟಿ ಶಿಕ್ಷಕರು ಇರುತ್ತಾರೆ, ಅವರಿಂದ ಶಾಲೆಯ ಶಿಕ್ಷಕಿಗೂ ಮಾರ್ಗದರ್ಶನ ಕೊಡಿಸಿ. ಮಗ ಮುಂದಿನ ಸಾಲಿನಲ್ಲಿ, ಚೆನ್ನಾಗಿ ಕೇಳುವ ಕಿವಿ ಶಿಕ್ಷಕಿಯ ಕಡೆಗಿರುವಂತೆ ಕೂರಲಿ. ಶಿಕ್ಷಕಿ ಬೋರ್ಡಿನ ಕಡೆ ಮುಖ ಮಾಡಿ ಮಾತಾಡದಿರಲಿ. ಯಂತ್ರದ ಬ್ಯಾಟರಿಯ ಒಂದು ಜೊತೆಯನ್ನು ಶಿಕ್ಷಕಿಯ ಮೇಜಿನಲ್ಲೇ ಇಡಿಸಿ. ಮಳೆಗಾಲದಲ್ಲಿ ಮನೆಗೆ ಹೊರಡುವ ಮುನ್ನ ಯಂತ್ರವನ್ನು ತೆಗೆದು ಡಬ್ಬಿಯಲ್ಲಿಡುವುದನ್ನು ಅವನಿಗೇ ಕಲಿಸಿ.

ಪ್ರಶ್ನೆ: ನಮ್ಮ ಮನೆಯಲ್ಲಿ ಮೊಟ್ಟೆ ತಿನ್ನುವುದಿಲ್ಲ. ಬಿಸಿಯೂಟದಲ್ಲಿ ಬಲವಂತ ಮಾಡುತ್ತಾರೆಯೇ? ಹಾಗೆಯೇ ಶಾಲಾಭಿವೃದ್ಧಿಗೆಂದು ಹಣ ಕೇಳಿದರೆ ಕೊಡಬೇಕೇ? — ಸಾಗರ

ಉತ್ತರ: ಬಲವಂತ ಇಲ್ಲ. ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು ಕೊಡುತ್ತಾರೆ, ಯಾವ ಮಗುವಿಗೆ ಯಾವುದೆಂದು ಪೋಷಕರಿಂದ ಕೇಳಿ ಬರೆದುಕೊಂಡಿರುತ್ತಾರೆ. ಮೊದಲು ವಾರಕ್ಕೆ ಎರಡು ದಿನ ಇದ್ದ ಮೊಟ್ಟೆ, ಅಜೀಂ ಪ್ರೇಮ್‌ಜಿ ಫೌಂಡೇಷನ್ನಿನ ನೆರವಿನಿಂದ 2024ರಿಂದ ಆರು ದಿನವಾಗಿದೆ. 2002ರಲ್ಲಿ ರಾಜ್ಯದ ಈಶಾನ್ಯ ಭಾಗದ ಏಳು ಜಿಲ್ಲೆಗಳಲ್ಲಿ ಶುರುವಾದ ಅಕ್ಷರ ದಾಸೋಹದ ಊಟದ ಜೊತೆಗೆ 2013ರ ಆಗಸ್ಟಿನಿಂದ ಕ್ಷೀರಭಾಗ್ಯದ 150 ಮಿಲಿಲೀಟರ್ ಹಾಲೂ ಸಿಗುತ್ತದೆ. ನಿಮ್ಮ ಮಗು ಬಾಳೆಹಣ್ಣು ತಿನ್ನಲಿ, ಆದರೆ ಪಕ್ಕದಲ್ಲಿ ಕುಳಿತು ಮೊಟ್ಟೆ ತಿನ್ನುವ ಗೆಳೆಯನನ್ನು ಕಂಡು ಮುಖ ಸಿಂಡರಿಸದಂತೆ ಮನೆಯಲ್ಲೇ ಹೇಳಿಕೊಡಿ; ಅನೇಕ ಮಕ್ಕಳಿಗೆ ಆ ದಿನದ ಗಟ್ಟಿ ಆಹಾರ ಅದೊಂದೇ.

ಹಣದ ವಿಚಾರ: ಒಂದರಿಂದ ಎಂಟನೇ ತರಗತಿಯವರೆಗೆ ಸರ್ಕಾರಿ ಶಾಲೆ ಯಾವ ಶುಲ್ಕವನ್ನೂ ಪಡೆಯುವಂತಿಲ್ಲ, ಪಠ್ಯಪುಸ್ತಕ ಮತ್ತು ಸಮವಸ್ತ್ರ ಉಚಿತ. 2022ರ ಅಕ್ಟೋಬರಿನಲ್ಲಿ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಮೂಲಕ ತಿಂಗಳಿಗೆ ನೂರು ರೂಪಾಯಿ ದೇಣಿಗೆ ಪಡೆಯಬಹುದೆಂಬ ಸುತ್ತೋಲೆ ಹೊರಟು, ಟೀಕೆ ಬಂದ ಮೇಲೆ ಹಿಂದಕ್ಕೆ ಹೋಯಿತು. ಸ್ವಇಚ್ಛೆಯಿಂದ ಕೊಡುವುದಾದರೆ ಎಸ್‌ಡಿಎಂಸಿ ಖಾತೆಗೆ ಕೊಟ್ಟು ರಸೀದಿ ಪಡೆಯಿರಿ. ಆ ಸಮಿತಿಯ ಮುಕ್ಕಾಲು ಪಾಲು ಸದಸ್ಯರು ಪೋಷಕರೇ ಆಗಿರಬೇಕು, ಅರ್ಧದಷ್ಟು ಮಹಿಳೆಯರಿರಬೇಕು ಎಂದು ಶಿಕ್ಷಣದ ಹಕ್ಕು ಕಾಯ್ದೆ ಹೇಳುತ್ತದೆ. ಹಣ ಎಲ್ಲಿ ಖರ್ಚಾಯಿತೆಂದು ತಿಳಿಯಬೇಕಾದರೆ ಸಮಿತಿ ರಚನೆಯ ಪೋಷಕರ ಸಭೆಗೆ ನೋಟಿಸ್ ಬಂದಾಗ ಹೋಗಿ ನಿಮ್ಮ ಹೆಸರನ್ನೂ ಸೂಚಿಸಲು ಹೇಳಿ. ಸದಸ್ಯರಾದ ಮೇಲೆ ನಗದು ಪುಸ್ತಕ ತೋರಿಸಿ ಎಂದು ಕೇಳುವುದು ನಿಮ್ಮ ಅಧಿಕಾರ.